ಎತ್ತರಕ್ಕೊಂದು ಉತ್ತರ

ಮುಂಬಯಿಯಲ್ಲಿ ನೆಲ ಒಂದಿಷ್ಟು ಉಬ್ಬಿದರೆ ಸಾಕು, ಅದಕ್ಕೆ 'ಹಿಲ್' ಎಂಬ ಬಿರುದು ದೊರೆತುಬಿಡುತ್ತದೆ. ಮಲಬಾರ್ ಹಿಲ್ಲಿನವರಿಗೆ ಆ ಬಿರುದಿನ ಜೊತೆಗೆ ಬಂಗಲೆಯೂ ಸಮುದ್ರದ ಗಾಳಿಯೂ ಪ್ರಾಪ್ತವಾಗಿವೆ. ನಾನಿದ್ದ ಆಂಟಾಪ್ ಹಿಲ್ಲಿನವರಿಗೆ ಬಿರುದು ಮಾತ್ರ. ಸ್ವಾತಂತ್ರ್ಯ ಬಂದು ನಾಲ್ಕಾರು ವರ್ಷಗಳಾಗಿದ್ದ ಆ ಕಾಲದಲ್ಲಿ, ವಿಜಾಪುರದ ಬಯಲಿನಿಂದ ಗುಮಾಸ್ತಗಿರಿಗೆಂದು ಬಂದು ನಾನು ಅಲ್ಲಿಯ ಚಾಳೊಂದರಲ್ಲಿ ಕೋಣೆ ಹಿಡಿದಾಗ, ಊರಿನಲ್ಲಿ ನಮ್ಮವ್ವ "ನಮ್ಮ ಹುಡುಗ ಗುಡ್ಡದ ಮ್ಯಾಲ ಮನಿ ಮಾಡ್ಯಾನ" ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳಂತೆ. ನಾನಾದರೋ ಆ ಗುಡ್ಡವನ್ನು ಬಹಳ ದಿನ ಹುಡುಕಿದೆ. ಕಡೆಗೆ ನೆರೆಯವರೊಬ್ಬರನ್ನು ಕೇಳಿದ್ದಕ್ಕೆ ಅವರು ನನ್ನ ಚಪ್ಪಲಿಯ ಕಡೆ ಬೆರಳು ತೋರಿಸಿ, "ಅದರ ಮೇಲೇ ನಿಂತಿದ್ದೀರಲ್ಲ" ಎಂದರು. ಗೋಳಗುಮ್ಮಟವನ್ನೇ ಔನ್ನತ್ಯದ ಪರಮಾವಧಿಯೆಂದು ನಂಬಿ ಬೆಳೆದ ನನಗೆ ಪರ್ವತಗಳ ವಿಷಯದಲ್ಲಿ ಇದ್ದ ವಿದ್ಯಾಭ್ಯಾಸ ಇಷ್ಟೇ. ಇಂಥವನ ಮದುವೆಯ ಪ್ರಶ್ನೆ ಹೋಗಿ ಹೋಗಿ ಸಿಂಹಳದ್ವೀಪದ ಗಿರಿಶಿಖರಗಳಿಗೆ ತಗುಲಿಕೊಂಡಿತೆಂದರೆ, ಓದುಗ ಮಹಾಶಯರೇ, ವಿಧಿಗೆ ವಿನೋದಬುದ್ಧಿ ಇಲ್ಲವೆಂದು ಹೇಗೆ ಹೇಳಲಿ?

ಸಂಬಂಧ ಕುದುರಿದ್ದು ಮಾಟುಂಗದಲ್ಲಿ. ಅಲ್ಲಿಯ ಸ್ಟೇಷನ್ನಿನ ಸಮೀಪ ವಾಸುದೇವ ಭಟ್ಟರೆಂಬ ಉಡುಪಿಯ ಕಡೆಯವರು ಒಂದು ಪುಟ್ಟ ಹೋಟೆಲು ನಡೆಸುತ್ತಿದ್ದರು. ಅದಕ್ಕೆ ಮೊದಲು ಅವರು ಸಿಲೋನಿನಲ್ಲಿ, ಚಹದ ತೋಟಗಳ ನಡುವಿನ ನುವರ ಎಲಿಯ ಎಂಬ ತಣ್ಣನೆಯ ಊರಿನಲ್ಲಿ, ಚಹ ಬೆಳೆಯುವವರಿಗೇ ಕಾಫಿಯ ರುಚಿ ಹತ್ತಿಸಿ ಬದುಕಿದ ಸಾಹಸಿಗಳು. ಹೊರಗಿನಿಂದ ಬಂದವರಿಗೆ ಅಲ್ಲಿ ಕಾಲ ಅನುಕೂಲವಾಗಿ ಉಳಿಯದಿದ್ದಾಗ ಹೆಂಡತಿ ಪದ್ಮಾವತಮ್ಮನನ್ನೂ ಮಗಳು ವಾರಿಜಳನ್ನೂ ಕರೆದುಕೊಂಡು ಮುಂಬಯಿಗೆ ಬಂದಿದ್ದರು. ನಾನು ಎರಡು ಹೊತ್ತೂ ಅವರ ಗಿರಾಕಿ. ವಿಜಾಪುರದ ಕುಲಕರ್ಣಿಗೂ ಉಡುಪಿಯ ಭಟ್ಟರಿಗೂ ನಡುವೆ ಘಟ್ಟವೊಂದು ಅಡ್ಡವಿದ್ದರೂ ಇಬ್ಬರ ದೇವರು ಒಬ್ಬನೇ ಕೃಷ್ಣ. ನಾನು ಅನ್ನಕ್ಕೆ ಸಾರು ಕಲಸುವ ಶ್ರದ್ಧೆಯನ್ನು ಹಲವು ತಿಂಗಳು ಪರೀಕ್ಷಿಸಿ ನೋಡಿದ ಭಟ್ಟರು ಒಂದು ದಿನ, "ಬರುವ ಆದಿತ್ಯವಾರ ಮನೆಗೆ ಬನ್ನಿ, ನಮ್ಮ ಹುಡುಗಿಯನ್ನು ನೋಡಿದ ಹಾಗೂ ಆಯ್ತು" ಎಂದುಬಿಟ್ಟರು.

ಹೋದೆ. ಇಸ್ತ್ರಿ ಮಾಡಿದ ಕೋಟಿನೊಳಗೆ ಇಸ್ತ್ರಿಯಿಲ್ಲದ ಮನಸ್ಸನ್ನಿಟ್ಟುಕೊಂಡು ಹೋದೆ. ಗೋಡೆಯ ಮೇಲೆ ಉಡುಪಿ ಕೃಷ್ಣನ ಪಕ್ಕದಲ್ಲಿ ಚೂಪಾದ ಬೆಟ್ಟವೊಂದರ ಚಿತ್ರವಿದ್ದು, ಅದಕ್ಕೂ ಮಲ್ಲಿಗೆಯ ಮಾಲೆ ಏರಿತ್ತು. ಅದೇ ಶ್ರೀಪಾದವೆಂದು ಭಟ್ಟರು ವಿವರಿಸಿದರು. ಅದರ ತುದಿಯ ಬಂಡೆಯ ಮೇಲೆ ದೊಡ್ಡದೊಂದು ಹೆಜ್ಜೆಯ ಗುರುತು ಉಂಟಂತೆ. ಬೌದ್ಧರು ಅದನ್ನು ಬುದ್ಧನದೆನ್ನುತ್ತಾರೆ, ಶೈವರು ಶಿವನದೆನ್ನುತ್ತಾರೆ, ಮುಸಲ್ಮಾನರು ಆದಿಮಾನವ ಆದಮನದೆನ್ನುತ್ತಾರೆ. ಭಟ್ಟರು ಮಾತ್ರ, ಹೆಜ್ಜೆ ಎಂದ ಮೇಲೆ ಮೂರು ಲೋಕ ಅಳೆದ ವಾಮನನದಲ್ಲದೆ ಇನ್ಯಾರದು, ಎಂದು ಕೇಸರಿಬಾತಿನ ಮೇಲೆ ತುಪ್ಪ ಹಾಕಿಸಿದರು. "ನಾವು ಹತ್ತಿ ಹೋಗಿ ಗಂಟೆ ಹೊಡೆದು ಬಂದಿದ್ದೇವೆ, ಕುಲಕರ್ಣಿಯವರೇ. ಇಡೀ ಸಿಲೋನಿನಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ."

"ಉಂಟು" ಎಂದಿತು ಒಳಬಾಗಿಲ ಪರದೆ.

ಪರದೆ ಸರಿದು ಹೊರಬಂದವಳೇ ವಾರಿಜ. ಕೈಯಲ್ಲಿ ಕಾಫಿಯ ತಟ್ಟೆ, ಕಣ್ಣಿನಲ್ಲಿ ನನ್ನ ಲೆಕ್ಕಕ್ಕೇ ಬಾರದ ಬೇರೊಂದು ವ್ಯವಹಾರ. "ಅಪ್ಪಯ್ಯ, ಪಿದುರುತಲಗಲ ಎಲ್ಲಕ್ಕಿಂತ ಎತ್ತರ. ಶಾಲೆಯಲ್ಲಿ ಕಲಿತದ್ದು ನಾನು."

ವಧುಪರೀಕ್ಷೆಯಲ್ಲಿ ಕೇಳದೆಯೇ ವಧು ಬಾಯಿಬಿಡುವುದು ಆ ಕಾಲಕ್ಕೆ ಸಣ್ಣ ಭೂಕಂಪವೇ. ಪದ್ಮಾವತಮ್ಮ ಬಾಗಿಲಲ್ಲಿ ನಿಂತು ತುಳುವಿನಲ್ಲಿ ಏನೋ ಪಿಸುಗುಟ್ಟಿದರು. ಆದರೆ ಇದು ಇವತ್ತು ಹುಟ್ಟಿದ ಜಗಳವಲ್ಲ, ಹಡಗಿನಲ್ಲಿ ಅವರ ಪೆಟ್ಟಿಗೆಗಳೊಂದಿಗೇ ಬಂದದ್ದು ಎಂಬುದು ತಂದೆಮಗಳ ಮುಖದಿಂದಲೇ ತಿಳಿಯುತ್ತಿತ್ತು. ಅಲ್ಲಿ ಅವಳ ಅಡಿಗೆಮನೆಯ ಕಿಟಕಿ ತೆರೆದರೆ ಪಿದುರುತಲಗಲ ಕಾಣುತ್ತಿತ್ತಂತೆ. ಇಲ್ಲಿ ತೆರೆದರೆ ಎದುರು ಬಿಲ್ಡಿಂಗಿನವರ ಒದ್ದೆ ಪಾಯಿಜಾಮ. ಅಂಥವಳಿಗೆ ಆ ಬೆಟ್ಟದ ಒಂದಂಗುಲ ಕಡಿಮೆ ಮಾಡಿದರೂ ಸಹಿಸುವುದು ಹೇಗೆ?

"ದೇವರೇ ಅಡಿಯಿಟ್ಟ ಬೆಟ್ಟವನ್ನು ನೀನು ಅಡಿಕೋಲು ಹಿಡಿದು ಅಳೆಯುವುದಾ?" ಎಂದು ಭಟ್ಟರು ಕೆರಳಿ, ಫಕ್ಕನೆ ನನ್ನ ಕಡೆ ತಿರುಗಿದರು. "ನೀವೇ ಹೇಳಿ ಮಾರಾಯ್ರೆ. ಕುಲಕರ್ಣಿಗಳು ತಲೆತಲಾಂತರದಿಂದ ಭೂಮಿ ಅಳೆದವರು. ಯಾವುದು ಎತ್ತರ?"

ಒಂದು ಕಡೆ ಕನ್ಯಾದಾನ ಮಾಡಬೇಕಾದ ಕೈ, ಇನ್ನೊಂದು ಕಡೆ ದಾನವಾಗಬೇಕಾದ ಕನ್ಯೆ. ತಂದೆಯ ಪಕ್ಷ ಹಿಡಿದರೆ ಮದುವೆಯಾಗಬಹುದು, ಮಾತು ನಿಲ್ಲುತ್ತದೆ. ಮಗಳ ಪಕ್ಷ ಹಿಡಿದರೆ ಮಾತಾಡಬಹುದು, ಮದುವೆ ನಿಲ್ಲುತ್ತದೆ. ನಾನು ಕಚೇರಿಯಲ್ಲಿ ಕಲಿತ ಏಕೈಕ ವಿದ್ಯೆಯನ್ನು ಪ್ರಯೋಗಿಸಿದೆ. "ಎರಡೂ ಎತ್ತರನ ಅವರಿ, ಭಟ್ರ" ಎಂದೆ.

ವಾರಿಜ ಕಾಫಿಯನ್ನು ನನ್ನ ಮುಂದಿಟ್ಟು, "ಅದು ಎತ್ತರ ಆಯ್ತು, ಉತ್ತರ ಆಗಲಿಲ್ಲ" ಎಂದು ಒಳಗೆ ಹೋದಳು. ಆ ಕ್ಷಣದಲ್ಲಿ ನನ್ನ ತಲೆ ಮೊದಲ ಬಾರಿಗೆ ತಿರುಗಿತು. ಕಾಫಿ ಬಿಸಿಯಾಗಿತ್ತೆಂದು ಆಮೇಲೆ ಸುಟ್ಟ ನಾಲಗೆ ಹೇಳಿತು. ಮದುವೆಯಾದರೆ ಇವಳನ್ನೇ ಎಂದು ನಾನು ನಿರ್ಧರಿಸಿದ್ದು, ನಾಲಗೆ ಸುಟ್ಟಿದ್ದಕ್ಕಿಂತ ಕೊಂಚ ಮೊದಲೇ.

ಮರುದಿನ ವಾಚನಾಲಯಕ್ಕೆ ಓಡಿ ಅಲ್ಲಿಯ ದೊಡ್ಡ ಭೂಪಟದ ಮುಂದೆ ಬಗ್ಗಿ ನಿಂತೆ. ಮಾವಿನಕಾಯಿಯಂತೆ ತೂಗುವ ಆ ದ್ವೀಪದ ಹೊಟ್ಟೆಯಲ್ಲಿ ಇಷ್ಟೊಂದು ಬೆಟ್ಟಗಳಿರುವುದು ನನಗೆ ಗೊತ್ತೇ ಇರಲಿಲ್ಲ. ಎಲ್ಲಕ್ಕಿಂತ ಎತ್ತರದ್ದು ಪಿದುರುತಲಗಲವೇ. ಎರಡನೆಯದು ಕಿರಿಗಲ್‌ಪೊತ್ತ, ಹೆಸರಿನಲ್ಲಿ ಕಿರಿದೂ ಇದೆ, ಕಲ್ಲೂ ಇದೆ, ಹೊತ್ತದ್ದೂ ಇದೆಯೆಂದು ಕನ್ನಡದ ಕಿವಿಗೆ ಕೇಳಿಸಿ ನಗು ಬಂತು. ಆಮೇಲೆ ತೊಟುಪೊಲ. ಒಂಬತ್ತು ಶಿಖರಗಳ ನಮುನುಕುಲ ಬೇರೆ. ಹನುಮಂತ ಸಂಜೀವಿನಿ ಪರ್ವತವನ್ನು ಹೊತ್ತು ಹಾರುವಾಗ ಕೈಜಾರಿ ಬಿದ್ದ ತುಣುಕೆಂದು ಜನ ನಂಬುವ ರಿಟಿಗಲ, ಅದು ಬೇರೆ. ಭಟ್ಟರ ಶ್ರೀಪಾದವೋ, ಪಾಪ, ಎರಡನೆಯದೂ ಅಲ್ಲ, ಮೂರನೆಯದೂ ಅಲ್ಲ.

ಆ ವಾರವೆಲ್ಲ ನನಗೆ ಗಿರಿಜ್ವರ. ವಡಾಳಾ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಿದರೆ ಗಾಲಿಗಳೇ 'ಪಿದುರುತಲಗಲ, ಪಿದುರುತಲಗಲ' ಎಂದು ತಾಳ ಹಾಕುತ್ತಿದ್ದವು. ನನ್ನ ತುಟಿಗಳೂ ಸೇರಿಕೊಂಡವು. ಎದುರಿಗೆ ಕೂತಿದ್ದ ಮರಾಠಿ ಅಜ್ಜರೊಬ್ಬರು ಭಕ್ತಿಯಿಂದ ಕೈಮುಗಿದು, ಇದು ಯಾವ ಸ್ತೋತ್ರವೆಂದು ವಿಚಾರಿಸಿದರು. ವಿವಾಹಪ್ರಾಪ್ತಿಗೆಂದು ಹೇಳುವ ಗಿರಿಸ್ತೋತ್ರವೆಂದೆ. ಅವರು ತಮ್ಮ ಮಗನಿಗಾಗಿ ಎರಡು ಸಲ ಹೇಳಿಸಿಕೊಂಡು ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದುಹೋದರು. ಅವರ ಸೊಸೆ ಬಂದಳೋ ಇಲ್ಲವೋ ತಿಳಿಯದು.

ವಾರದ ಕೊನೆಗೆ ಧೈರ್ಯ ಮಾಡಿ, ಊಟಕ್ಕೆ ಕೂತಾಗಲೇ ಹೇಳಿಬಿಟ್ಟೆ: "ಭಟ್ರ, ನಿಮ್ಮ ಮಗಳು ಹೇಳಿದ್ದ ಖರೇ ಅದರಿ." ಅಂದಿನಿಂದ ನನ್ನ ಕಾಫಿಯ ಬಣ್ಣ ತಿಳಿಯಾಗುತ್ತ ಹೋಗಿ, ಲೋಟದ ತಳ ಕಾಣುವಷ್ಟು ಪಾರದರ್ಶಕವಾಯಿತು. ಸಂಬಂಧ ಮುರಿಯಿತೆಂದುಕೊಂಡೆ. ಆಂಟಾಪ್ ಹಿಲ್ಲಿಗೆ ಹಿಂದಿರುಗುವಾಗ ಆ ಇಲ್ಲದ ಏರು ಕೂಡ ಕಾಲಿಗೆ ಭಾರವಾಯಿತು. ದುಃಖಕ್ಕೆ ಬೆಟ್ಟ ಎಬ್ಬಿಸುವ ಶಕ್ತಿ ಇದೆ.

ಹೀಗಿರುವಾಗ ಒಂದು ಸಂಜೆ ಭಟ್ಟರು ಹಣದ ಗಲ್ಲೆಯಿಂದ ಎದ್ದು ಬಂದು ನನ್ನ ಮುಂದೆ ನಿಂತರು. "ಬೆಟ್ಟದ ವಾದ ಕುರ್ಚಿಯಲ್ಲಿ ಕೂತು ಮಾಡುವುದಲ್ಲ ಮಾರಾಯ್ರೆ. ನಾಡಿದ್ದು ಕಾನ್ಹೇರಿ ಗುಡ್ಡಕ್ಕೆ ಹೋಗುವಾ. ಹತ್ತುವಾಗ ಯಾರು ಎಷ್ಟು ಗಟ್ಟಿ ಅಂತ ಗೊತ್ತಾಗ್ತದೆ." ಈ ಮಾತು ನಿಜವಾಗಿ ಪದ್ಮಾವತಮ್ಮನವರದೆಂದು ಆಮೇಲೆ ತಿಳಿಯಿತು. ಆ ಮನೆಯ ಅನೇಕ ಗರ್ಜನೆಗಳು ಅಡಿಗೆಮನೆಯಲ್ಲಿ ಪಿಸುಮಾತಾಗಿ ಹುಟ್ಟುತ್ತಿದ್ದವು.

ಮಾಘದ ಆರಂಭದ ತಂಪು. ಬೋರಿವಲಿಯವರೆಗೆ ಲೋಕಲ್, ಅಲ್ಲಿಂದ ಟಾಂಗಾ, ಆಮೇಲೆ ಕಾಲು. ಕಾನ್ಹೇರಿಯ ಗುಹೆಗಳಿಗೆ ಹೋಗುವ, ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಲ್ಲಿ ಭಟ್ಟರು ಪಂಚೆ ಎತ್ತಿಕಟ್ಟಿ ಮುಂದಾದರು. ಅವರ ಹಿಂದೆ ನಾನು. ನನ್ನ ಹಿಂದೆ ಬುತ್ತಿಯ ಡಬ್ಬಿ ಹಿಡಿದ ಪದ್ಮಾವತಮ್ಮ. ವಾರಿಜ ಎಲ್ಲಿ ಎಂದು ನೋಡಿದರೆ, ಸೆರಗು ಬಿಗಿದು ಮೆಟ್ಟಿಲನ್ನೇ ಬಿಟ್ಟು ಬಂಡೆಯಿಂದ ಬಂಡೆಗೆ ಏರಿ ಆಗಲೇ ನಮ್ಮೆಲ್ಲರ ಮೇಲಿದ್ದಳು. ಮಾಟುಂಗದ ಪರದೆಯ ಹಿಂದಿನ ಹುಡುಗಿ ಅವಳಲ್ಲವೇ ಅಲ್ಲ. ಕಾಲಿಗೆ ಇಳಿಜಾರು ಸಿಕ್ಕಿದ್ದೇ ತಡ, ಮುಖಕ್ಕೆ ಊರು ಸಿಕ್ಕಿತ್ತು.

ಅರ್ಧ ದಾರಿಯಲ್ಲಿ ಭಟ್ಟರು ಒಂದು ಚಪ್ಪಟೆ ಬಂಡೆಯ ಮೇಲೆ ಕುಳಿತುಬಿಟ್ಟರು. ಉಸಿರು ಕಮ್ಮಾರನ ತಿದಿಯಾಗಿತ್ತು. ಆದರೂ ಸೋಲೊಪ್ಪದೆ, "ಶ್ರೀಪಾದದ ದಾರಿಯಲ್ಲಿಯೂ ಇಂಥದ್ದೇ ಒಂದು ಬಂಡೆ ಉಂಟು" ಎಂದರು.

"ಉಂಟು" ಎಂದರು ಪದ್ಮಾವತಮ್ಮ, ಡಬ್ಬಿ ಕೆಳಗಿಡುತ್ತ. "ನೀವು ಅಲ್ಲಿಯೇ ಕೂತದ್ದು."

ವಾರಿಜ ಮೇಲಿನ ಬಂಡೆಯಿಂದ ಇಳಿದು ಬಂದಳು. "ಅಮ್ಮಾ, ಹಾಗಾದ್ರೆ ಗಂಟೆ ಹೊಡೆದದ್ದು ಯಾರು?"

"ನಾನು" ಎಂದರು ಆ ತಾಯಿ, ಉಪ್ಪು ಹೆಚ್ಚಾಗಿದೆಯೆಂದು ಹೇಳುವಷ್ಟೇ ಸಹಜವಾಗಿ. "ಇವರಿಗೆ ಕಾಲು ಹಿಡ್ಕೊಂಡಿತು. ಏಳ್ಲಿಕ್ಕೆ ಆಗ್ಲಿಲ್ಲ. ನೀನು ಹೋಗಿ ಬಾ, ನನ್ನ ಲೆಕ್ಕದ್ದೂ ಕೈಮುಗಿ ಅಂದ್ರು. ಸಿಂಹಳದ ಹೆಂಗಸರ ಒಂದು ಗುಂಪು ಹೋಗ್ತಿತ್ತು, ಅವರ ಜೊತೆ ಹೋದೆ. ಇಳಿದು ಬಂದಾಗ ಇವರು ಅದೇ ಬಂಡೆಯ ಮೇಲೆ ಕೂತಿದ್ರು, ಕಣ್ಣು ತುಂಬಿಕೊಂಡು."

ಭಟ್ಟರು ಸುಳ್ಳು ಹೇಳಿರಲಿಲ್ಲ. 'ನಾವು' ಎಂದಿದ್ದರು. ಕನ್ನಡದ ಬಹುವಚನ ಗಂಡಸರಿಗೆ ಎಷ್ಟೊಂದು ಉಪಕಾರಿ! ನಾನು ನಗಬಾರದೆಂದು ತುಟಿ ಕಚ್ಚಿದೆ. ಆದರೆ ಮೊದಲು ನಕ್ಕವರು ಭಟ್ಟರೇ. ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡು ನಕ್ಕರು.

"ಹತ್ತಿ ಮುಗಿಸಿದ್ದರೆ ನಾನೂ ಅದನ್ನು ಅಳೆಯುತ್ತಿದ್ದೆನೋ ಏನೋ ಮಗಾ. ಅರ್ಧದಲ್ಲಿ ಕೂತವನಿಗೆ ಉಳಿದ ಅರ್ಧ ಎಷ್ಟೂ ಆಗಬಹುದು. ನನಗೆ ಅದಕ್ಕಿಂತ ಎತ್ತರದ್ದು ಎಲ್ಲಿಂದ ಬರಬೇಕು?"

ಭೂಪಟದ ಯಾವ ಬಣ್ಣದಲ್ಲಿಯೂ ನನಗೆ ಕಾಣದಿದ್ದ ಸಂಗತಿ ಇದು. ಏರಿ ಇಳಿದ ಬೆಟ್ಟಗಳಿಗೆಲ್ಲ ಅಡಿಗಳ ಲೆಕ್ಕವಿರುತ್ತದೆ. ಏರಲಾಗದೆ ಬಿಟ್ಟು ಬಂದದ್ದು ಮಾತ್ರ ಮನಸ್ಸಿನಲ್ಲಿ ಪ್ರತಿವರ್ಷ ಬೆಳೆಯುತ್ತದೆ. ಬಿಟ್ಟು ಬಂದ ಕಿಟಕಿಯ ಆಚೆಗಿನದೂ ಹಾಗೆಯೇ. ತಂದೆಮಗಳು ಇಷ್ಟು ದಿನ ಜಗಳವಾಡಿದ್ದು ಎರಡು ಬೆಟ್ಟಗಳ ಬಗ್ಗೆ. ಇಬ್ಬರಿಗೂ ಇದ್ದ ಸಂಕಟ ಮಾತ್ರ ಒಂದೇ.

ವಾರಿಜ ತಂದೆಯ ಕಾಲಬಳಿ ಕೂತು ಮೀನಖಂಡ ಒತ್ತತೊಡಗಿದಳು. "ಅಪ್ಪಯ್ಯ, ಪಿದುರುತಲಗಲ ಎತ್ತರವೇ. ಆದ್ರೆ ನಮ್ಮ ಊರೇ ಮೇಲೆ ಇತ್ತಲ್ಲ? ಶಾಲೆಯ ಮಕ್ಕಳು ನಾವು ಕಡಲೆ ತಿನ್ನುತ್ತಾ ಹತ್ತಿ ಬಂದದ್ದು. ಶ್ರೀಪಾದಕ್ಕೆ ಕೆಳಗಿನಿಂದ ಹತ್ತಬೇಕು. ಕಾಲಿಗೆ ನಿಮ್ಮದೇ ಎತ್ತರ."

"ಹಾಗಾದ್ರೆ ಸರಿ" ಎಂದರು ಭಟ್ಟರು, ರಾಜ್ಯ ಗೆದ್ದವರಂತೆ. ಪದ್ಮಾವತಮ್ಮ ಡಬ್ಬಿ ಬಿಚ್ಚಿ ಗೋಳಿಬಜೆ ಹಂಚಿದರು. ಅಂದು ನಾನು ಎಷ್ಟು ತಿಂದೆನೆಂದು ಕೇಳಬೇಡಿ.

ಭಟ್ಟರು ಉಳಿದ ಅರ್ಧವನ್ನೂ ಹತ್ತಿದರು. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಮಗಳು, ಹಿಂದಿನಿಂದ ತಳ್ಳಲು ಭಾವೀ ಅಳಿಯನ ಉಮೇದುವಾರ. ನೆತ್ತಿ ತಲುಪಿದಾಗ ಕಾಡಿನಾಚೆ ದೂರದಲ್ಲಿ ಸಮುದ್ರದ ಖಾಡಿಯ ನೀರು ತಗಡಿನಂತೆ ಮಿನುಗುತ್ತಿತ್ತು. ಗಂಟೆಯಿಲ್ಲದ್ದರಿಂದ ಭಟ್ಟರು ಖಾಲಿ ಡಬ್ಬಿಯ ಮುಚ್ಚಳವನ್ನೇ ಬಂಡೆಗೆ ಬಡಿದು ಠಣ್ಣೆನ್ನಿಸಿದರು. ಗುಹೆ ನೋಡಲು ಬಂದಿದ್ದ ಗುಜರಾತಿ ಸಂಸಾರವೊಂದು ಬೆಚ್ಚಿ ತಮ್ಮ ಮಕ್ಕಳನ್ನು ಎಣಿಸಿಕೊಂಡಿತು.

ನಾನು ಆಗ ಕೆಳಗೆ ನೋಡಿದೆ. ನೋಡಬಾರದಿತ್ತು. ಬಯಲುಸೀಮೆಯ ನನ್ನ ತಲೆ ಗಿರ್ರೆಂದಿತು. ಕಾಡು ಮೇಲೆ ಹೋಯಿತು, ಆಕಾಶ ಕೆಳಗೆ ಬಂತು, ನಾನು ಬಂಡೆಯನ್ನು ತಬ್ಬಿಕೊಂಡು ಕಣ್ಣುಮುಚ್ಚಿದೆ. ಗಟ್ಟಿತನದ ಪರೀಕ್ಷೆಯಲ್ಲಿ ವರಮಹಾಶಯನ ಭಂಗಿ ಇದು.

"ತಲೆ ತಿರುಗ್ತದಾ?" ವಾರಿಜಳ ದನಿ, ತೀರ ಹತ್ತಿರದಿಂದ.

"ಹೌದ್ರಿ. ಭಾಳ."

"ಇದು ಎತ್ತರವೇ ಅಲ್ಲ."

"ನನಗ ಇದಕಿಂತ ಎತ್ತರದ್ದು ಬ್ಯಾಡ್ರಿ" ಎಂದೆ. ಅವಳು ನಕ್ಕಳು. ಮುಚ್ಚಿದ ಕಣ್ಣಿಗೂ ಆ ನಗು ಕಾಣಿಸಿತು. "ಇವತ್ತು ಉತ್ತರ ಸರಿ ಉಂಟು. ಕೈ ಕೊಡಿ, ಕಣ್ಣು ತೆರೆಯಬೇಡಿ" ಎಂದಳು.

ಕೊಟ್ಟೆ. ಹೆಜ್ಜೆ ಹೆಜ್ಜೆಗೆ 'ಇಲ್ಲಿ ಮೆಟ್ಟಿಲು, ಇಲ್ಲಿ ಬೇರು' ಎಂದು ಹೇಳುತ್ತ ಅವಳು ನನ್ನನ್ನು ಇಳಿಸಿದಳು. ಮದುವೆಗೆ ಮೊದಲೇ, ತಾಯಿತಂದೆಯರ ಎದುರಿಗೇ, ಹಾಡಹಗಲಲ್ಲಿ! ಪದ್ಮಾವತಮ್ಮ ಗಂಡನಿಗೆ ಮರದಲ್ಲಿದ್ದ ಮಂಗವನ್ನು ತೋರಿಸತೊಡಗಿದರು. ಆ ಮಂಗ ಬಹಳ ದೂರದವರೆಗೆ ಅವರೊಂದಿಗೇ ಬಂದಿರಬೇಕು. ಗಾಳಿಗೆ ಒಣಹುಲ್ಲಿನ ವಾಸನೆ ಇತ್ತು. ಕಾಲ ಕೆಳಗೆ ಕಲ್ಲು ಹೋಗಿ ಮಣ್ಣು ಬಂತು, ಮಣ್ಣು ಹೋಗಿ ಧೂಳಿನ ದಾರಿ ಬಂತು, ಟಾಂಗಾದ ಕುದುರೆಯ ಗೆಜ್ಜೆಯೂ ಕೇಳಿಸಿತು. ಆಗ ಭಟ್ಟರು ಹಿಂದಿನಿಂದ ಒಮ್ಮೆ ಕೆಮ್ಮಿದರು.

"ಕುಲಕರ್ಣಿಯವರೇ, ಇಳಿಜಾರು ಮುಗಿದು ಒಂದು ಫರ್ಲಾಂಗು ಆಯ್ತು ಮಾರಾಯ್ರೆ."

ಕಣ್ಣು ತೆರೆದೆ. ನೆಲ ಅಂಗೈಯಷ್ಟು ಸಪಾಟಾಗಿತ್ತು, ತಲೆ ಮಾತ್ರ ಇನ್ನೂ ತಿರುಗುತ್ತಲೇ ಇತ್ತು. ವಾರಿಜ ಕೈ ಬಿಡಲಿಲ್ಲ. ಬಿಡಿಸಿಕೊಳ್ಳುವಷ್ಟು ಧೈರ್ಯ ನನಗೂ ಇರಲಿಲ್ಲ.