ಸಣ್ಯ ಓಮ್ನಿ ಹತ್ತಿದ ದಿನ

ಆಗೆಲ್ಲ ಹೊನ್ನಾವರದ ಪಕ್ಕದ ಕಾಸರಕೋಡದ ನಮ್ಮ ಕೇರಿಯಲ್ಲಿ ದೋಣಿಗಳನ್ನು ಮರಳ ಮೇಲೆಯೇ ಎಳೆದಿಡುತ್ತಿದ್ದರು. ಬೆಳಿಗ್ಗೆ ಎದ್ದರೆ ಒಣಮೀನಿನ ವಾಸನೆ, ಆಯಿ ಕುದಿಸುವ ಗಂಜಿಯ ವಾಸನೆ, ಅದರ ಜೊತೆಗೆ ದೋಣಿ ದೂಡುವವರ ಐಲೇಸಾ. ಆ ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವವರನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ.

ನಮ್ಮ ನಾಯಿಯ ಹೆಸರು ಸಣ್ಯ. ಬಂದಾಗ ತೆಂಗಿನಕಾಯಿಯಷ್ಟಿದ್ದ, ಹಾಗಾಗಿ ಆ ಹೆಸರಿಟ್ಟೆವು. ಎರಡು ವರ್ಷದಲ್ಲಿ ಕರುವಿನಷ್ಟಾದ, ಹೆಸರು ಹಾಗೇ ಉಳಿಯಿತು. ಅಪ್ಪನ ದೋಣಿಯಲ್ಲಿ ದಿನವೂ ಸಮುದ್ರಕ್ಕೆ ಹೋಗುತ್ತಿದ್ದ. ಅದಕ್ಕೊಂದು ಕ್ರಮವಿತ್ತು. ಮರಳ ಮೇಲಿರುವ ದೋಣಿಯಲ್ಲಿ ನಮ್ಮವರು ಯಾರೂ ಹತ್ತಿ ಕೂರುತ್ತಿರಲಿಲ್ಲ. ಎಲ್ಲರೂ ಸೇರಿ ದೂಡಬೇಕು, ದೋಣಿ ತೇಲಿದ ಮೇಲೆ ಹಾರಿ ಹತ್ತಬೇಕು. ಮೊದಲೇ ಹತ್ತಿ ಕೂತವನನ್ನು ಮದುಮಗ ಎಂದು ಗೇಲಿ ಮಾಡುತ್ತಿದ್ದರು. ಸಣ್ಯನೂ ಬದಿಯಲ್ಲಿ ಓಡುತ್ತ ಹೋಗಿ, ದೋಣಿ ತೇಲಿದೊಡನೆ ಒಂದೇ ನೆಗೆತಕ್ಕೆ ಒಳಗೆ ಬೀಳುತ್ತಿದ್ದ.

ನಾನು ಆರನೇ ಕ್ಲಾಸಿನಲ್ಲಿದ್ದೆ. ದಸರಾ ರಜೆಯಲ್ಲಿ ನನಗೆ ಗಾಳ ಹಾಕುವ ಹುಚ್ಚು ಹಿಡಿದಿತ್ತು. ಆಟ ಮುಗಿದ ಮೇಲೆ ಗಾಳವನ್ನು ತೆಂಗಿನ ಸಿಪ್ಪೆಗೆ ಚುಚ್ಚಿ ಎತ್ತರದಲ್ಲಿಡಬೇಕು ಎಂದು ಅಪ್ಪ ಹೇಳಿ ಹೇಳಿ ಸೋತಿದ್ದ. ಒಂದು ಸಂಜೆ ಸಿಗಡಿ ಸಿಕ್ಕಿಸಿದ್ದ ಗಾಳವನ್ನು ಜಗಲಿಯ ಮೇಲೆಯೇ ಬಿಟ್ಟು ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಸಣ್ಯನ ಬಾಯಿಂದ ಹಸಿರು ದಾರ ನೇತಾಡುತ್ತಿತ್ತು.

ಗಾಳ ನಾಲಿಗೆಯ ಬುಡಕ್ಕೆ ನಾಟಿತ್ತು. ಜೊಲ್ಲಿನ ಜೊತೆ ರಕ್ತ. ಮೀನಿನ ಬಾಯಿಂದ ಗಾಳ ಬಿಡಿಸುವುದರಲ್ಲೇ ಕೈ ಪಳಗಿದ ಅಪ್ಪನನ್ನೂ ಅವನು ಹತ್ತಿರ ಬಿಡಲಿಲ್ಲ.

"ದನದ ಡಾಕ್ಟ್ರ ಹತ್ರನೇ ಹೋಗ್ಬೇಕು," ಅಂದ ಅಪ್ಪ.

ಡಾಕ್ಟರು ಇದ್ದದ್ದು ಸೇತುವೆಯ ಆಚೆ, ಹೊನ್ನಾವರದಲ್ಲಿ. ಹನ್ನೆರಡಾದರೆ ಹಳ್ಳಿ ತಿರುಗಲು ಹೊರಟುಬಿಡುತ್ತಿದ್ದರು. ಬಾಯಿ ಮುಚ್ಚಲಾಗದ ನಾಯಿ ಎಷ್ಟು ದಿನ ಬದುಕೀತು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಗಾಳ ನನ್ನದು ಎಂದು ಮಾತ್ರ ಬಾಯಿಬಿಡಲಿಲ್ಲ.

ಪಕ್ಕದ ಮನೆಯ ಇನಾಸ ಮಾಮ ತನ್ನ ಹಳೆಯ ಓಮ್ನಿ ವ್ಯಾನು ತಂದು ಅಂಗಳದೆದುರು ನಿಲ್ಲಿಸಿ ಬದಿಯ ಬಾಗಿಲು ಸರಿಸಿದ. "ನಾಯಿ ಹತ್ಸುಕೆ ಎಂತ ಕಷ್ಟ? ಎರಡು ನಿಮಿಷದ ಕೆಲ್ಸ," ಅಂದ.

ಮುಕ್ಕಾಲು ಗಂಟೆಯಾಯಿತು. ಆಯಿ ಹುರಿದ ಬಂಗಡೆ ತಂದು ಸೀಟಿನ ಮೇಲಿಟ್ಟಳು. ಸಣ್ಯ ಹೊರಗಿನಿಂದಲೇ ಮೂಸಿ ನಿಟ್ಟುಸಿರು ಬಿಟ್ಟ. ಅಪ್ಪ, ಮಾಮ ಇಬ್ಬರೂ ಎತ್ತಿ ಒಳಗೆ ತುರುಕಲು ಹೋದರು. ನಾಲ್ಕು ಕಾಲನ್ನೂ ಬಾಗಿಲಿಗೆ ಅಡ್ಡ ಕೊಟ್ಟು, ಬಾಗಿಲಲ್ಲಿ ಸಿಕ್ಕಿಕೊಂಡ ಮಂಚದ ಹಾಗೆ ನಿಂತುಬಿಟ್ಟ. ಕೊನೆಗೆ ನಾನು ಒಳಗೆ ಕೂತು ಕರೆದೆ. ಬರಲಿಲ್ಲ. ನೆಲದ ಮೇಲೆ ಕೂತು ನನ್ನನ್ನು ನೋಡಿದ. ಅವನ ಮುಖದಲ್ಲಿ ಹಟವೇನೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ನಮಗೆ ಬುದ್ಧಿ ಬರಲಿ ಎಂದು ಕಾಯುವವನ ಹಾಗೆ ಕೂತಿದ್ದ.

"ಇದು ಹತ್ತುದಿಲ್ಲಾ ಮಾರಾಯಾ," ಅಂದ ಇನಾಸ ಮಾಮ. "ನಾನೇ ಹೋಗಿ ಡಾಕ್ಟ್ರನ್ನೇ ಕರ್ಕಂಡು ಬತ್ತೆ."

ಕೀಲಿ ತಿರುಗಿಸಿದರೆ ಓಮ್ನಿ ಕೆಮ್ಮಿ ಸುಮ್ಮನಾಯಿತು. ಇನ್ನೊಮ್ಮೆ ತಿರುಗಿಸಿದ, ಕೆಮ್ಮೂ ಇಲ್ಲ. ಮಾಮ ಕೊಂಕಣಿಯಲ್ಲಿ ಯೇಸುವನ್ನು ನೆನೆದು, ಕಿಟಕಿಯಿಂದ ತಲೆ ಹೊರಹಾಕಿ ದಂಡೆಯ ಕಡೆಗೆ ಕೂಗಿದ. "ದೂಡುಕೆ ಬನ್ನಿ ಸ್ವಲ್ಪ."

ಬಲೆ ಬಿಡಿಸುತ್ತ ಕೂತಿದ್ದ ಏಳು ಜನ ಎದ್ದು ಬಂದರು. ಯಾಕೆ, ಎಲ್ಲಿಗೆ ಎಂದು ಒಬ್ಬರೂ ಕೇಳಲಿಲ್ಲ. ಅಪ್ಪನೂ ಸೇರಿ ಹಿಂದಿನಿಂದ ಕೈ ಕೊಟ್ಟರು. ಬಾಗಿಲು ತೆರೆದೇ ಇತ್ತು, ನಾನು ಒಳಗೇ ಇದ್ದೆ. ಅಭ್ಯಾಸಬಲ, ಯಾರೋ ಐಲೇಸಾ ಎಂದು ಶುರು ಮಾಡಿದ, ಉಳಿದವರು ದನಿಗೂಡಿಸಿದರು. ಓಮ್ನಿ ಮೆಲ್ಲಗೆ ಉರುಳಿತು.

ಸಣ್ಯ ಎದ್ದು ಮೈ ಕೊಡವಿದ. ದಾರ ಎಳೆದುಕೊಂಡೇ ಗಾಡಿಯ ಬದಿಯಲ್ಲಿ ಓಡತೊಡಗಿದ. ಮೂರನೇ ಐಲೇಸಾಕ್ಕೆ ಒಂದೇ ನೆಗೆತ, ನೇರ ನನ್ನ ಮಡಿಲಿಗೆ. ಅದೇ ಹೊತ್ತಿಗೆ ಎಂಜಿನ್ನೂ ಹತ್ತಿಕೊಂಡಿತು.

"ನಿಲ್ಲಿಸ್ಬೇಡಾ, ಹೋಗ್ತಾ ಇರು," ಎಂದು ಕೂಗುತ್ತ ಅಪ್ಪ ಓಡಿ ಬಂದು ಹಾರಿ ಹತ್ತಿ ಬಾಗಿಲೆಳೆದ. ಹಿಂದೆ ಏಳು ಜನ ಸೊಂಟಕ್ಕೆ ಕೈಯಿಟ್ಟು ನಗುತ್ತಿದ್ದರು.

"ನೋಡು," ಅಂದ ಅಪ್ಪ ಏದುಸಿರು ಬಿಡುತ್ತ. "ತೇಲುಕಿಂತ ಮೊದ್ಲೇ ಹತ್ತು ಅಂತ ಕರ್ದ್ರೆ ಅದು ಹೆಂಗೆ ಬರ್ತದೆ? ತಪ್ಪು ನಮ್ದೇ."

ತಪ್ಪು ಎಂಬ ಮಾತು ಕೇಳಿದ್ದೇ ತಡ, ನನ್ನ ಅಳುವಿನ ಕಟ್ಟೆ ಒಡೆಯಿತು. ಓಮ್ನಿ ಸೇತುವೆಯ ಮೇಲಿತ್ತು, ಕೆಳಗೆ ಶರಾವತಿ. ಸಣ್ಯನ ಜೊಲ್ಲು ನನ್ನ ಲಂಗವನ್ನೆಲ್ಲ ತೋಯಿಸಿತ್ತು.

"ಅಪ್ಪಾ, ಗಾಳ ಬಿಟ್ಟದ್ದು ನಾನು."

"ಗೊತ್ತು. ಆ ಹಸಿರು ದಾರ ನಿಂಗೆ ಕೊಟ್ಟದ್ದು ನಾನೇ ಅಲ್ದಾ?"

"ಮತ್ತೆ ಬೈಲಿಲ್ಲ ಯಾಕೆ?"

"ಮೊದ್ಲು ಅದು ಬಾಯಿ ಮುಚ್ಲಿ. ಆಮೇಲೆ ನಾ ಬಾಯಿ ತೆಗಿತೆ."

ಡಾಕ್ಟರು ಸೈಕಲ್ ಹತ್ತಲು ಒಂದು ಕಾಲು ಎತ್ತಿದ್ದರು, ಇಳಿಸಿದರು. ಸೂಜಿ ಚುಚ್ಚಿ ಮಲಗಿಸಿ ಗಾಳ ತೆಗೆಯಲು ಐದು ನಿಮಿಷವೂ ಬೇಕಾಗಲಿಲ್ಲ. ವಾಪಸು ಬರುವಾಗ ಸಣ್ಯನಿಗೆ ಇನ್ನೂ ಮಂಪರು, ಹಾಗಾಗಿ ಅಕ್ಕಿ ಮೂಟೆ ಹೊತ್ತಂತೆ ಹೊತ್ತು ಒಳಗೆ ಹಾಕಿದರು. ನಾಲ್ಕನೇ ದಿನ ಅವನು ಗಂಜಿ ನೆಕ್ಕಿದ. ನಾನು ಅವನ ಪಕ್ಕದಲ್ಲಿ ಕೂತು ಅವನು ಉಂಡು ಮುಗಿಸುವವರೆಗೆ ನೋಡಿದೆ. ಅಷ್ಟು ಸುಖವಾದ ಊಟ ನಾನು ಉಂಡದ್ದೂ ಇಲ್ಲ. ಅಪ್ಪ ಬೈಯಲೇ ಇಲ್ಲ.

ಸಣ್ಯ ಆಮೇಲೆ ಒಂಬತ್ತು ವರ್ಷ ಬದುಕಿದ. ಈಗ ಅಪ್ಪನೂ ಇಲ್ಲ. ಕಾಸರಕೋಡದಲ್ಲಿ ದೊಡ್ಡ ಬೋಟುಗಳು ಜೆಟ್ಟಿಯ ಕಟ್ಟೆಗೆ ತಾಗಿ ನಿಂತಿರುತ್ತವೆ, ಜನ ಬಸ್ಸು ಹತ್ತಿದಂತೆ ಹತ್ತುತ್ತಾರೆ. ದೂಡುವ ಕೆಲಸವಿಲ್ಲದೆ ಬೆನ್ನುನೋವು ಕಡಿಮೆಯಾಗಿದೆ, ಒಳ್ಳೆಯದೇ. ಕುಮಟೆಯಲ್ಲಿ ನನ್ನ ಸಂಸಾರ ಚೆನ್ನಾಗಿಯೇ ಇದೆ. ಇಲ್ಲಿಯ ನಮ್ಮ ನಾಯಿ ಕಾರಿನ ಬಾಗಿಲು ತೆಗೆದ ಸದ್ದಿಗೇ ಹತ್ತಿ ಕೂರುತ್ತದೆ, ಅಪ್ಪಟ ಮದುಮಗ.

ಒಮ್ಮೊಮ್ಮೆ ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ. ಗೇಟಿನಾಚೆ ಎರಡೂ ಕಡೆ ನೋಡುತ್ತೇನೆ. ಒಳ್ಳೆಯ ನೆರೆಹೊರೆಯೇ, ಆದರೂ ಕೂಗಲು ಬಾಯಿ ಬರುವುದಿಲ್ಲ, ಮೆಕ್ಯಾನಿಕ್‌ಗೆ ಫೋನ್ ಮಾಡುತ್ತೇನೆ. ಅವನು ಬರುತ್ತಾನೆ, ಒಬ್ಬನೇ. ಆ ದಿನ ಒಂದು ಕೂಗಿಗೆ ಏಳು ಜನ ಬಂದಿದ್ದರು, ಮೇಲೊಂದು ನಾಯಿ.