ಹದಿನೆಂಟನೆಯ ಪ್ರಶ್ನೆ ಬರೆದವಳು

ಮೋರಖಂಡಿಯ ಆಡು ಕಾಯುವ ಗಂಗುಬಾಯಿಯ ಮಗಳು ಸರಿತಾ ಜೀವಮಾನದಲ್ಲಿ ಮನಸ್ಸಿಟ್ಟು ಬರೆದದ್ದು ಒಂದೇ ಒಂದು ಕಾಗದ. ಬಸವಕಲ್ಯಾಣದ ಕೋಚಿಂಗ್ ಕ್ಲಾಸಿನಲ್ಲಿ ಪುಕ್ಕಟೆ ಸೀಟು ಕೇಳಿ ಬರೆದ ಅರ್ಜಿ ಅದು. ಉಳಿದವರೆಲ್ಲ ಬಡತನ ಬಣ್ಣಿಸಿ ಕಾಲಿಗೆ ಬಿದ್ದಂತೆ ಬರೆದರು. ಇವಳಿಗೆ ಅದು ಬರಲಿಲ್ಲ. ‘ನಮ್ಮವ್ವ ಅಕ್ಷರ ಕಲಿತಿಲ್ಲ. ಆದರೆ ನಲವತ್ತು ಆಡುಗಳಲ್ಲಿ ಯಾವ ಮರಿ ಯಾವ ತಾಯಿಯದು ಎಂದು ಕತ್ತಲಲ್ಲೂ ಹೇಳುತ್ತಾಳೆ. ನಮ್ಮ ಮನೆಯಲ್ಲಿ ಮೇಜಿಲ್ಲ. ಆಡಿನ ದೊಡ್ಡಿಯ ಮುಂದೆ ಕೂತು ಡಿಗ್ರಿ ಮುಗಿಸಿದೆ’ ಎಂದು ಬರೆದಳು. ಓದಿ ಹೇಳಿದಾಗ ಗಂಗುಬಾಯಿ ಸೆರಗು ಸರಿಮಾಡಿಕೊಂಡು, ಫೋಟೊ ತೆಗೆಸಿಕೊಳ್ಳುವವಳ ಹಾಗೆ ನೆಟ್ಟಗೆ ಕೂತಳು.

ಸೀಟು ಸಿಕ್ಕಿತು. ಆದರೆ ಪುಕ್ಕಟೆಯ ಎಂಟು ಜನರಲ್ಲಿ ತಿಂಗಳ ಟೆಸ್ಟಿನ ಮೊದಲ ಐವರಿಗಷ್ಟೇ ಮುಂದಿನ ಪಾಠ; ಮಿಕ್ಕವರಿಗೆ ಊರ ದಾರಿ. ಸರ್ಕಾರಿ ನೌಕರಿಯ ಎಸ್‌ಡಿಎ ಪರೀಕ್ಷೆಗೆ ಎರಡೇ ತಿಂಗಳಿತ್ತು.

ಕ್ಲಾಸು ನಡೆಸುತ್ತಿದ್ದವರು ಮಚ್ಚೇಂದ್ರ ಸರ್. ಗದ್ಯಭಾಗ ಓದಿಸಿ ಲೇಖಕರ ಧೋರಣೆ ಗುರುತಿಸುವುದನ್ನು ಕಲಿಸುವುದರಲ್ಲಿ ಹುಮನಾಬಾದ, ಬಸವಕಲ್ಯಾಣ ಎರಡೂ ಕಡೆ ಅವರದೇ ಹೆಸರು. ಬರೆದವನು ಸತ್ತು ಮಣ್ಣಾಗಿದ್ದರೂ ಅವನ ಮನಸ್ಸನ್ನು ನಾಲ್ಕು ಆಯ್ಕೆಗಳೊಳಗೆ ಹಿಡಿದು ಕಟ್ಟುವ ಗಟ್ಟಿಗ. ಎದುರು ಕೂತವರ ಮನಸ್ಸಿನ ಗೊಡವೆ ಮಾತ್ರ ಅವರಿಗಿರಲಿಲ್ಲ. ಬಡವ ತನ್ನ ಮನೆಯ ಬಗ್ಗೆ ಬರೆದರೆ ಅದು ಅಂಗಲಾಚುವುದೇ, ಬೇರೇನೂ ಹುಡುಕಬೇಡಿ ಎಂದು ಅವರು ಸೂತ್ರ ಹೇಳಿಕೊಟ್ಟಿದ್ದರು. ಹುಲಸೂರಿನಿಂದ ಬರುತ್ತಿದ್ದ ಪುಕ್ಕಟೆ ಸೀಟಿನ ರತ್ನದೀಪ ಎದ್ದು, ಬಡವನಿಗೆ ಹೆಮ್ಮೆ ಇರಬಾರದೇ ಎಂದು ಕೇಳಿದ್ದ.

“ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವ” ಎಂದಿದ್ದರು ಸರ್. ಕ್ಲಾಸೆಲ್ಲ ನಕ್ಕಿತ್ತು. ಸರಿತಾಳೂ ನಕ್ಕಿದ್ದಳು.

ಆ ತಿಂಗಳ ಟೆಸ್ಟು ರವಿವಾರ ಸರ್ ಅವರ ಹುಮನಾಬಾದದ ಕ್ಲಾಸಿನಲ್ಲಿತ್ತು. ಹದಿನೆಂಟನೆಯ ಪ್ರಶ್ನೆಯ ಗದ್ಯಭಾಗ ಓದುತ್ತಿದ್ದ ಸರಿತಾ ತಿರುಗಿ ಮೊದಲ ಸಾಲಿಗೆ ಹೋದಳು. ಅವಳದೇ ಅರ್ಜಿ. ಹೆಸರು, ಊರು ಕಿತ್ತುಹಾಕಿದ್ದರು. ಅವ್ವ, ಆಡು, ದೊಡ್ಡಿ ಹಾಗೇ ಇದ್ದವು. ಲೇಖಕರ ಧೋರಣೆ ಯಾವುದು? ಅಂಗಲಾಚುವಿಕೆ, ಹೆಮ್ಮೆ, ವ್ಯಂಗ್ಯ, ನಿರ್ಲಿಪ್ತತೆ.

ಬರೆದವಳಿಗೆ ಉತ್ತರ ಗೊತ್ತಿತ್ತು. ಸರ್‌ಗೆ ಬೇಕಾದ ಉತ್ತರವೂ ಗೊತ್ತಿತ್ತು. ಒಂದೇ ಅಂಕದಲ್ಲಿ ಸೀಟು ಹೋಗಬಹುದಿತ್ತು. ಉಳಿದ ಪ್ರಶ್ನೆಗಳನ್ನೆಲ್ಲ ಮುಗಿಸಿ ಮತ್ತೆ ಇದಕ್ಕೇ ಬಂದಳು. ಅವ್ವನ ಮೇಲೆ ತಾನೇ ಉಗುಳುತ್ತಿದ್ದೇನೆ ಅನ್ನಿಸಿತು. ಆದರೂ ಅಂಗಲಾಚುವಿಕೆಗೆ ಗುರುತು ಹಾಕಿದಳು.

ಮಧ್ಯಾಹ್ನ ಪುಕ್ಕಟೆ ಸೀಟಿನವರ ಪಟ್ಟಿ ಬಂತು. ಸರಿತಾ ಐದನೆಯವಳು. ರತ್ನದೀಪ ಒಂದಂಕ ಕಡಿಮೆಯಾಗಿ ಆರನೆಯವನು. ಅವನು ಹೆಮ್ಮೆ ಎಂದು ಗುರುತು ಹಾಕಿದ್ದ. ಉತ್ತರ ಬದಲಾದರೆ ಅವನು ಒಳಗೆ, ಇವಳು ಹೊರಗೆ.

“ಬರದೋರು ಬೇಡಾಕತ್ತಿಲ್ಲರಿ ಸರ್” ಎಂದ ರತ್ನದೀಪ. “ತಮ್ಮವ್ವ ಎಂಥಾಕಿ ಅಂತ ಎದಿ ತಟ್ಟಿ ಹೇಳಾಕತ್ತಾರ.”

ಅರ್ಜಿಗಳ ಕಟ್ಟಿನಲ್ಲಿ ಯಾರದೋ ಸಿಕ್ಕಿತ್ತು, ಹೆಸರು ನೋಡುವ ಪುರಸೊತ್ತು ಯಾರಿಗಿದೆ ಎಂದು ಸರ್ ನಕ್ಕರು. ಆಮೇಲೆ ಸರಿಯುತ್ತರ ಬರೆದ ಸರಿತಾಳನ್ನು ಎಬ್ಬಿಸಿ, ಇವನಿಗೆ ತಿಳಿಸಿ ಹೇಳು ಎಂದರು.

ಸರಿತಾ ಎದ್ದಳು. ಮೇಜಿಲ್ಲ ಅಂದದ್ದು ಕನಿಕರ ಬರಲಿ ಎಂದು, ಅವ್ವ ಓದಿಲ್ಲ ಅಂದದ್ದೂ ಅದಕ್ಕೇ, ಆಡುಗಳ ಮಾತು ಬರೀ ನಾಟಕ ಎಂದು ಒಂದೊಂದಾಗಿ ಬಿಡಿಸಿ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಸರ್ ತಲೆದೂಗಿ, ಇದನ್ನೇ ನೋಟ್ಸಿನಲ್ಲಿ ಬರೆದುಕೊಳ್ಳಿ ಎಂದು ಎಲ್ಲರಿಗೂ ಹೇಳಿದರು. ಎಲ್ಲರೂ ಬರೆದುಕೊಂಡರು.

ರತ್ನದೀಪ ಚೀಲ ಹೆಗಲಿಗೇರಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಬಾಗಿಲ ಹತ್ತಿರ ನಿಂತು ಇವಳನ್ನೇ ನೋಡಿದ.

“ನಿಮಗ ಖರೇನ ಹಂಗ ಅನಸ್ತದೇನ್ರಿ?”

“ಹೌದ್ರಿ” ಎಂದಳು ಸರಿತಾ.

ಹಾಗಾದರೆ ತನಗೇ ಓದಲು ಬರಲಿಲ್ಲವೇನೋ ಎಂದು ಅವನು ಮೆಟ್ಟಿಲಿಳಿದು ಹೋದ. ಸರಿತಾ ಪಟ್ಟಿಯಲ್ಲಿ ತನ್ನ ಹೆಸರಿನ ಮುಂದೆ ಸಹಿ ಮಾಡಿದಳು.