ಬೇಡವೆಂದ ಬಿಲ್ಲು

ಕುಮಟೆಯ ನಮ್ಮ ಮನೆಗೆ ಕರೆಂಟು ಬಂದ ವರ್ಷ ನಾನೊಂದು ಕಳ್ಳತನ ಮಾಡಿದೆ. ಕಳ್ಳತನ ಎಂದು ಈಗ ಹೇಳುತ್ತೇನೆ. ಆಗ ಅದನ್ನು ಜಾಣತನ ಎಂದುಕೊಂಡು ಕಾಲು ನೆಲದ ಮೇಲೆ ನಿಲ್ಲದಂತೆ ಓಡಾಡಿದ್ದೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತಾರು ವರ್ಷ. ಚೌಕಾಸಿಯಲ್ಲಿ ಓಣಿಗೇ ನಾನು ಮೊದಲು, ಸಿಟ್ಟಿನಲ್ಲೂ ಅಷ್ಟೇ.

ನನ್ನ ಗಂಡ ಮಾರಾಟ ತೆರಿಗೆ ಕಚೇರಿಯಲ್ಲಿ ಗುಮಾಸ್ತರು. ಕಚೇರಿಯ ಗುಂಡುಸೂಜಿಯೊಂದು ತಪ್ಪಿ ಅಂಗಿಗೆ ಸಿಕ್ಕಿಕೊಂಡು ಬಂದರೂ ಮರುದಿನ ವಾಪಸು ಒಯ್ದು ಇಡುವ ಪ್ರಾಣಿ. ಇಂಥವರನ್ನು ಕಟ್ಟಿಕೊಂಡು ಸಂಸಾರ ಮಾಡುವ ಕಷ್ಟ ಮಾಡಿದವರಿಗೇ ಗೊತ್ತು.

ಓಣಿಗೆ ಕಂಬ ಬಂದಾಗ ಅವರು ಕಚೇರಿ ಕೆಲಸದ ಮೇಲೆ ಹದಿನೈದು ದಿನ ಕಾರವಾರದಲ್ಲಿದ್ದರು. ಮನೆಗೆ ವೈರಿಂಗ್ ಮಾಡಿಸುವ ಕೆಲಸ ನನ್ನ ತಲೆಗೆ ಬಿತ್ತು. ಭಟ್ಕಳದಲ್ಲಿ ಸ್ವಂತ ಅಂಗಡಿ ಇಟ್ಟಿದ್ದ ಒಬ್ಬ ವೈರ್‌ಮನ್ ನಮ್ಮ ಓಣಿಯ ಮೂರು ಮನೆಗೆ ಕೆಲಸ ಮಾಡಿ ಮುಗಿಸಿದ್ದ. ನಾನೂ ಅವನನ್ನೇ ಕರೆದೆ. ಅವನ ಮನೆಮಾತು ನವಾಯತಿ, ನಮ್ಮ ಹತ್ತಿರ ಆಡುವುದು ಕನ್ನಡ. ಮಾತು ಕಡಿಮೆ, ಕೆಲಸ ಚೊಕ್ಕ. ಮರದ ಪಟ್ಟಿ ಹೊಡೆದು ಅವನು ವೈರು ಎಳೆದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಕೆಲಸ ಮುಗಿದ ದಿನ ಲೆಕ್ಕ ಹೇಳಿದ. ಸಾಮಾನಿಗೆ ಇಷ್ಟು, ಕೂಲಿ ಇಷ್ಟು, ಸಾಮಾನಿನ ಮೇಲಿನ ತೆರಿಗೆ ಏಳು ರೂಪಾಯಿ. ಏಳು ರೂಪಾಯಿ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು.

“ಬಿಲ್ಲು ಬೇಡ. ಟ್ಯಾಕ್ಸು ಬಿಟ್ಟು ಎಷ್ಟಾತು ಹೇಳಿ,” ಎಂದೆ.

ಅವನು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. “ಆತು,” ಎಂದ. ನಾನು ರೊಕ್ಕ ಎಣಿಸಿ ಕೊಟ್ಟೆ.

ಓಣಿಯಲ್ಲಿ ಯಾರು ಬಿಲ್ಲು ತೆಗೆದುಕೊಳ್ಳುತ್ತಿದ್ದರು? ಹಂಚಿನವನಿಗೂ ಬಡಗಿಗೂ ಎಲ್ಲರೂ ಹೀಗೇ ಕೊಡುತ್ತಿದ್ದರು. ಸರ್ಕಾರ ಎಂದರೆ ನನಗೆ ಎಲ್ಲೋ ದೂರದಲ್ಲಿ ಕೂತ, ಹಸಿವೆ ನಿದ್ದೆ ಇಲ್ಲದ ಯಾರೋ. ಇಂಥ ಏಳೇಳು ರೂಪಾಯಿ ಕೂಡಿಯೇ ನನ್ನ ಗಂಡನ ಸಂಬಳ ಆಗುತ್ತದೆ ಎಂಬುದು ಒಂದು ದಿನವೂ ಹೊಳೆಯಲಿಲ್ಲ. ಉಳಿದ ದುಡ್ಡಿನಲ್ಲಿ ಪೇಟೆಗೆ ಹೋಗಿ, ಬಲ್ಬಿನ ಮೇಲೆ ಹಾಕಲು ಕೆಂಪು ಅಂಚಿನ ಗಾಜಿನ ಟೋಪಿ ತಂದೆ.

ಗಂಡ ಬಂದರು. ದೀಪ ನೋಡಿ ಮಗುವಿನ ಹಾಗೆ ನಾಲ್ಕು ಸಲ ಹಾಕಿ ಆರಿಸಿದರು. ಬಿಲ್ಲು ಕೇಳಿದರು. ಪೆಟ್ಟಿಗೆಯಲ್ಲಿದೆ ಎಂದೆ, ತೆಗೆಯಲು ಹೇಳಲಿಲ್ಲ, ಬಚಾವಾದೆ. ಆದರೆ ಆ ವಾರವೇ ಇನ್ನೊಂದು ಸುದ್ದಿ ಹೇಳಿದರು. ಸೋಮವಾರ ಸಾಹೇಬರ ಜೊತೆ ಭಟ್ಕಳಕ್ಕೆ ಹೋಗಬೇಕು, ಈ ಸಲ ಎಲೆಕ್ಟ್ರಿಕ್ ಅಂಗಡಿಗಳ ಪುಸ್ತಕ ತಪಾಸಣೆ.

ತಪಾಸಣೆಯೆಂದರೆ ತಂದ ವೈರು ಎಷ್ಟು, ಮಾರಿದ್ದೆಷ್ಟು ಎಂದು ನೋಡುತ್ತಾರೆ. ಲೆಕ್ಕಕ್ಕೆ ಸಿಗದ ವೈರು ನನ್ನ ಮನೆಯ ಗೋಡೆಯ ಮೇಲಿದೆ! ಯಾರಿಗೆ ಕೊಟ್ಟೆ ಎಂದು ಕೇಳಿದರೆ ಆ ಮನುಷ್ಯ ಏನು ಹೇಳಬೇಕು? ಗುಮಾಸ್ತರ ಹೆಂಡತಿಗೇ ಎನ್ನುತ್ತಾನೆ. ಗಂಡನ ಕೆಲಸ ಹೋದರೆ ಮನೆಗೆ ಬೇರೆ ಒಂದು ಪೈಸೆ ಬರುವ ದಾರಿಯಿರಲಿಲ್ಲ. ಮುಂಚೆಯೇ ಅವರಿಗೆ ಹೇಳೋಣವೆಂದರೆ, ತಮ್ಮ ಮನೆಯ ಮೇಲೆ ತಾವೇ ವರದಿ ಬರೆದು ಸಾಹೇಬರ ಕೈಗಿಡುವ ಆಸಾಮಿ. ಎರಡು ದಿನ ಸಾರು ಹೊತ್ತಿಸಿದೆ, ಹಾಲಿನವಳ ಮೇಲೆ ಹರಿಹಾಯ್ದೆ, ಊಟ ಬಿಟ್ಟೆ.

ಶನಿವಾರ ಬೆಳಿಗ್ಗೆ, ಸ್ವಿಚ್ಚಿನಲ್ಲಿ ಕಿಡಿ ಬರುತ್ತದೆ, ವೈರ್‌ಮನ್‌ಗೆ ಹೇಳಿ ಬರುತ್ತೇನೆ ಎಂದೆ. ಒಂದು ಕಾರ್ಡು ಬರೆದರೆ ಸಾಲದೇ ಎಂದರು. ಕಾರ್ಡು ಮುಟ್ಟುವುದರೊಳಗೆ ಮನೆ ಸುಟ್ಟು ಬೂದಿಯಾಗುತ್ತದೆ ಎಂದು ಸಿಡುಕಿದೆ. ಹೊನ್ನಾವರಕ್ಕೆ ಬಸ್ಸು, ಶರಾವತಿ ದಾಟಲು ಲಾಂಚು, ಆಚೆ ದಡದಿಂದ ಮತ್ತೊಂದು ಬಸ್ಸು. ದಾರಿಯುದ್ದಕ್ಕೂ, ಹಳೇ ತಾರೀಕು ಹಾಕಿ ಬಿಲ್ಲು ಬರೆದುಕೊಡಿ ಎಂದು ಹೇಗೆ ಗೋಗರೆಯಬೇಕು ಎಂದು ಬಾಯಿಪಾಠ ಮಾಡಿದೆ. ಸೆರಗಿನ ಗಂಟಿನಲ್ಲಿ ಏಳು ರೂಪಾಯಿ ಕಟ್ಟಿಕೊಂಡಿದ್ದೆ.

ಅಂಗಡಿಯ ಮೆಟ್ಟಿಲು ಹತ್ತಿದ್ದೇ ತಡ, ನನ್ನನ್ನು ನೋಡಿ ಅವನ ಮುಖವೇ ಬಿಳಿಚಿಕೊಂಡಿತು. ನಾನು ಬಾಯಿ ತೆರೆಯುವ ಮೊದಲೇ ಗಲ್ಲಾಪೆಟ್ಟಿಗೆಯ ಕೆಳಗಿಂದ ಒಂದು ಕಾಗದ ತೆಗೆದು ಮುಂದೆ ಹಿಡಿದ. ನನ್ನ ಗಂಡನ ಹೆಸರು, ಕೆಲಸ ಮುಗಿದ ದಿನದ್ದೇ ತಾರೀಕು, ತೆರಿಗೆ ಏಳು ರೂಪಾಯಿ.

“ಬಿಲ್ಲು ಅವತ್ತೇ ಬರ್ದಿದ್ದೆ ಅಕ್ಕಾ. ಟ್ಯಾಕ್ಸು ನನ್ನ ಕೂಲಿಯಲ್ಲೇ ಮುರ್ಕಂಡೆ. ಟ್ಯಾಕ್ಸ್ ಆಫೀಸಿನವರ ಮನೆಯಲ್ಲೇ ಬಿಲ್ಲು ಬೇಡ ಅಂದ್ರೆ ನಾನು ಎಂತ ತಿಳ್ಕಂಬುದು? ನನ್ನ ಹಿಡೂಕೆ ಹಾಕಿದ ಬಲೆ ಅಂದ್ಕಂಡೆ.”

ಹೋದ ಜೀವ ಬಂತು. ಅಲ್ಲೇ ಇದ್ದ ವೈರಿನ ಸುರುಳಿಯ ಮೇಲೆ ಕುಸಿದು ಕೂತು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಾನು ಬಲೆಯಲ್ಲ, ಬರೀ ಆಸೆಬುರುಕಿ ಎಂದು ತಿಳಿದ ಮೇಲೆ ಅವನೂ ನಕ್ಕ. ಅವನಿಗೂ ಅಂದಿನಿಂದ ಕಚೇರಿಯ ಕಾಗದ ಬರುತ್ತದೆಂಬ ಹೆದರಿಕೆಯೇ ಆಗಿತ್ತಂತೆ. ಬಿಲ್ಲು ತೆಗೆದುಕೊಂಡು, ಗಂಟು ಬಿಚ್ಚಿ ಏಳು ರೂಪಾಯಿ ಕೊಟ್ಟೆ. ಬೇಡ ಎನ್ನಲಿಲ್ಲ, ಗಲ್ಲಾಪೆಟ್ಟಿಗೆಗೆ ಹಾಕದೆ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಅದು ಅವನ ಕೂಲಿಯೇ ತಾನೇ. ಓಣಿಯ ಉಳಿದ ಮೂರು ಮನೆಗೂ ಬಿಲ್ಲು ಬರೆದಿದ್ದನೋ ಇಲ್ಲವೋ, ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ವಾಪಸು ಬರುವಾಗ ಲಾಂಚಿನಲ್ಲಿ ಒಬ್ಬಳೇ ನಗುತ್ತಿದ್ದೆನೆಂದು ಮೀನಿನ ಬುಟ್ಟಿಯವಳು ಸರಿದು ಕೂತಳು.

ಸೋಮವಾರ ಸಂಜೆ ಗಂಡ ಭಟ್ಕಳದಿಂದ ಬಂದು ಎಲೆಯ ಮುಂದೆ ಕೂತರು. ನಮ್ಮ ವೈರ್‌ಮನ್ನನ ಅಂಗಡಿಯ ಪುಸ್ತಕ ಸರಿಯಿತ್ತಂತೆ. ನಮ್ಮ ಬಿಲ್ಲಿನ ಪ್ರತಿಯನ್ನು ಸಾಹೇಬರು ನೋಡಿ ಮೆಚ್ಚಿ ತಲೆಯಾಡಿಸಿದರಂತೆ. ನಾನು ಗೆದ್ದೆ ಎಂದುಕೊಂಡು ಸಾರು ಬಡಿಸುತ್ತಿದ್ದೆ.

“ಕಿಡಿ ಬರೂ ಸ್ವಿಚ್ಚು ಯಾವುದು? ಅವ್ನಿಗೆ ಅದ್ರ ಸುದ್ದಿಯೇ ಗೊತ್ತಿಲ್ಲ,” ಎಂದರು.

ಸೌಟು ಕೆಳಗಿಟ್ಟೆ. ಇನ್ನು ಸುಳ್ಳು ಹೇಳುವ ಶಕ್ತಿ ಇರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಊಟವನ್ನೂ ನಿಲ್ಲಿಸಲಿಲ್ಲ. ಮಜ್ಜಿಗೆ ಕುಡಿದಾದ ಮೇಲೆ ತಲೆಯೆತ್ತಿ ದೀಪ ನೋಡಿದರು.

“ಈ ಟೋಪಿಗೆ ಬಿಲ್ಲು ಇದ್ಯಾ?”

ಇರಲಿಲ್ಲ.

ಮರುದಿನ ಬಾಗಿಲು ತೆಗೆಯುವ ಹೊತ್ತಿಗೇ ಪೇಟೆಯ ಆ ಅಂಗಡಿಯ ಮುಂದೆ ನಿಂತಿದ್ದೆ. ಎಂದೋ ಒಯ್ದ ಗಾಜಿಗೆ ಈಗ ತೆರಿಗೆ ಕೊಡಲು ಬಂದವಳನ್ನು ಅಂಗಡಿಯವನು ಮರುಳು ಎಂದುಕೊಂಡಿರಬೇಕು. ಆದರೂ ಬರೆದುಕೊಟ್ಟ. ಸಂಜೆ ಗಂಡ ವೈರಿನದು, ಟೋಪಿಯದು, ಎರಡೂ ಬಿಲ್ಲನ್ನು ಹಿಂದೆಮುಂದೆ ತಿರುಗಿಸಿ ನೋಡಿ ಪೆಟ್ಟಿಗೆಯಲ್ಲಿಟ್ಟರು. ಆಮೇಲೆ ದೀಪ ಹಾಕಿ ಇಬ್ಬರೂ ಊಟಕ್ಕೆ ಕೂತೆವು. ನನಗೆ ಹಸಿವಾಗಿತ್ತು.